ಪ್ಲೇಗಿಗೆ ಸಂದ ಶ್ರೇಯ

ಇತಿಹಾಸಕಾರ ವಾಲ್ಟರ್ ಶೈಡೆಲ್ ಅವರ ‘ದ ಗ್ರೇಟ್ ಲೆವೆಲರ್’ ಪುಸ್ತಕ 2017ರಲ್ಲಿ ಬಂದಾಗಿನಿಂದ ಅದರ ಹರವನ್ನು ಹೊಗಳಿದವರೇ ಹೆಚ್ಚು. ಮಹಾಯುದ್ಧ, ಕ್ರಾಂತಿ, ರಾಜ್ಯಗಳ ಪತನ, ಮಹಾಮಾರಿ: ಈ ನಾಲ್ಕರ ಹೊರತು ಬೇರೇನೂ ಉಳ್ಳವರ ಮತ್ತು ಇಲ್ಲದವರ ಅಂತರವನ್ನು ಗಣನೀಯವಾಗಿ ತಗ್ಗಿಸಿಲ್ಲ ಎಂಬ ಅದರ ವಾದ ಈಗ ಗಾದೆಯಂತೆ ಓಡಾಡುತ್ತಿದೆ. ಅಷ್ಟು ಸಾಕ್ಷ್ಯ ಕಲೆಹಾಕಿದ ಶ್ರಮ ದೊಡ್ಡದು, ಒಪ್ಪುತ್ತೇನೆ. ಆದರೆ ಅದರ ಪ್ಲೇಗಿನ ಅಧ್ಯಾಯವೇ ಆ ವಾದದ ಭಾರವನ್ನು ಹೊರಲಾರದು.

1348ರಲ್ಲಿ ಇಂಗ್ಲೆಂಡಿಗೆ ಬಂದ ಪ್ಲೇಗು ಮೂರನೇ ಒಂದಕ್ಕೂ ಹೆಚ್ಚು ಜನರನ್ನು ಕೊಂದಿತು. ಆಳುಗಳು ಸಿಗದಾದರು, ಕೂಲಿ ಏರಿತು, ಭೂಮಾಲೀಕರ ಆದಾಯ ಇಳಿಯಿತು. ಶೈಡೆಲ್ ಹಾಕುವ ಲೆಕ್ಕ ಇದು. ಆದರೆ ಪ್ಲೇಗಿಗೂ ಕೂಲಿಯ ಏರಿಕೆಗೂ ನಡುವಿನ ವರ್ಷಗಳನ್ನು ನೋಡಿ. 1349ರ ಸುಗ್ರೀವಾಜ್ಞೆ ಮತ್ತು 1351ರ ಕಾರ್ಮಿಕ ಕಾಯ್ದೆ ಕೂಲಿಯನ್ನು ಪ್ಲೇಗಿಗೆ ಮುಂಚಿನ ಮಟ್ಟಕ್ಕೆ ಕಟ್ಟಿಹಾಕಲು ಹೊರಟವು. ಅವಧಿ ಮುಗಿಯುವ ಮೊದಲೇ ಒಡೆಯನನ್ನು ಬಿಟ್ಟುಹೋದವರಿಗೆ ಸೆರೆವಾಸ. ಕೈಗೆ ಬಂದ ಹೆಚ್ಚಿನ ಕಾಸನ್ನೂ ಬೆಲೆಯೇರಿಕೆ ನುಂಗಿತು. ಆ ಕೂಲಿಯಲ್ಲಿ ಹೆಚ್ಚು ಕಾಳು ಕೊಳ್ಳುವಂತಾದದ್ದು ಸುಮಾರು 1370ರ ದಶಕದ ನಂತರ. ಅಲ್ಲಿಯವರೆಗೆ ಆಳುಗಳು ಕಾಯ್ದೆ ಮುರಿದು ಹೆಚ್ಚು ಕೊಡುವವನ ಹೊಲಕ್ಕೆ ಹೋದರು, ದಂಡ ತೆತ್ತರು. 1381ರಲ್ಲಿ ರೈತರ ದಂಗೆಯೇ ಆಯಿತು. ಎಲ್ಬೆ ನದಿಯಾಚೆಗಿನ ಪೂರ್ವ ಯುರೋಪಿನಲ್ಲಿ ಜನ ಕಡಿಮೆಯಿದ್ದರೂ ಮುಂದಿನ ಶತಮಾನಗಳಲ್ಲಿ ಜಮೀನ್ದಾರರು ರೈತರನ್ನು ಜೀತಕ್ಕೆ ಕಟ್ಟಿಕೊಂಡರು. ಶೈಡೆಲ್ ಇದನ್ನು ಒಪ್ಪಿಯೇ ಮುಂದೆ ಸಾಗುತ್ತಾರೆ. ಒಪ್ಪಿದ ಮೇಲೆ ಶ್ರೇಯವೆಲ್ಲ ಪ್ಲೇಗಿಗೇ ಹೇಗೆ ಸಲ್ಲುತ್ತದೆ?

ಅವರನ್ನು ನಿರಾಶಾವಾದಿ ಎಂದು ಜರೆದ ವಿಮರ್ಶಕರ ಮೇಲೆ ನನಗೆ ಇನ್ನೂ ಹೆಚ್ಚಿನ ತಕರಾರಿದೆ. ಶಾಂತಿಯಿಂದಲೂ ಸಮಾನತೆ ಬಂದೀತು ಎಂದು ವಾದಿಸುವ ಭರದಲ್ಲಿ, ಹಿಂಸೆಯಿಂದ ಬರುತ್ತದೆ ಎಂಬುದನ್ನು ಈ ವಿಮರ್ಶಕರು ಪರೀಕ್ಷಿಸದೆ ಬಿಟ್ಟುಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸಿರಿವಂತರ ಪಾಲು ಕುಸಿದದ್ದು ನಿಜ. ಅದೇ ಯುದ್ಧಕಾಲದ ಬಂಗಾಳದಲ್ಲಿ, 1943ರ ಬರಗಾಲಕ್ಕೆ ಸುಮಾರು 30 ಲಕ್ಷ ಜನ ಬಲಿಯಾದರು. ಸಣ್ಣ ರೈತರು ಹೊಟ್ಟೆಪಾಡಿಗೆ ಗದ್ದೆ ಮಾರಿದರು, ಕೈಯಲ್ಲಿ ಹಣವಿದ್ದವರು ಕೊಂಡರು. ಆ ಯುದ್ಧ ಅಲ್ಲಿ ಯಾರನ್ನು ಸಮ ಮಾಡಿತು?

ನಮ್ಮ ಕಣ್ಣೆದುರಿನ ಉದಾಹರಣೆಯೂ ಇದೆ. ಕೋವಿಡ್ ಲಾಕ್‌ಡೌನಿನ ನಡುವೆ, 2020ರ ಮೇ ತಿಂಗಳ ಮೊದಲ ವಾರ, ಕಟ್ಟಡ ನಿರ್ಮಾಣ ಉದ್ಯಮಿಗಳು ಮುಖ್ಯಮಂತ್ರಿಯವರನ್ನು ಭೇಟಿಯಾದ ಬೆನ್ನಿಗೇ, ಕರ್ನಾಟಕ ಸರ್ಕಾರ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳನ್ನು ರದ್ದು ಮಾಡಿಸಿತು. ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಳ್ಳಬೇಕಾಯಿತು, ಜನ ದನಿಯೆತ್ತಿದ್ದರಿಂದ. ಮಹಾಮಾರಿ ಬಂದಾಗ ಆಳುವವರ ಕೈ ಮೊದಲು ಹೋಗುವುದು ದುಡಿಯುವವನ ಕಾಲಿಗೆ. ಅವನು ಬಿಟ್ಟುಹೋಗಬಲ್ಲನೇ ಎಂಬುದನ್ನು ಕೇಳದೆ ಬರೀ ಹೆಣ ಎಣಿಸಿ ಕೂಲಿಯ ಏರಿಳಿತವನ್ನು ವಿವರಿಸಲಾಗದು. ಶೈಡೆಲ್ ಅವರ ಅಂಕಿಅಂಶಗಳನ್ನು ಧಾರಾಳವಾಗಿ ಬಳಸಿ, ತೀರ್ಮಾನವನ್ನು ಬಿಡಿ.