ತಪ್ಪು ಯಂತ್ರದ್ದು, ಓಡಾಟ ರೈತನದು

ಸಿಂಗಟಾಲೂರಿನ ಒಕ್ಕಲು ಮನೆಗಳಲ್ಲಿ ಕಂಪ್ಯೂಟರಿನ ಹೆಸರು ಬರುವುದು ಹೆಚ್ಚಾಗಿ ಉತಾರದ, ಅಂದರೆ ಹೊಲದ ಪಹಣಿಯ, ಜೊತೆಗೆ. ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ, ಏತ ನೀರಾವರಿಗೆ ಹೋದ ಹೊಲದ ದುಡ್ಡು, ಯಾವುದಕ್ಕೆ ಹೋದರೂ ಮೊದಲು ಕೇಳುವುದು ಅದನ್ನೇ. ಅದನ್ನು ಕೊಡುವ 'ಭೂಮಿ' ತಂತ್ರಾಂಶವನ್ನು ದೇಶವೆಲ್ಲ ಹೊಗಳಿದೆ, ಹೊಗಳಿದ್ದರಲ್ಲಿ ಸುಳ್ಳಿಲ್ಲ. 2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಕಂದಾಯ ಇಲಾಖೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಲಾಟಿಯ ಮರ್ಜಿ ಕಾಯಬೇಕಿದ್ದ ಉತಾರ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಸಿಗತೊಡಗಿತು. ನನ್ನ ತಕರಾರು ಬೇರೆ: ಬರೆದದ್ದು ತಪ್ಪಿದ್ದಾಗ ಈ ವ್ಯವಸ್ಥೆ ಹೇಗೆ ನಡೆದುಕೊಳ್ಳುತ್ತದೆ?

'ಸರ್ವರ್ ಇಲ್ರಿ, ನಾಳೆ ಬರ್ರಿ' ಎಂಬುದು ಸಣ್ಣ ತೊಂದರೆ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ದುಡ್ಡು ಹೋಗುತ್ತದೆ, ಆದರೆ ಯಂತ್ರ ನಿಂತಿದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬಿದ್ದ ತಪ್ಪು ಬೇಗ ಸರಿಯಾಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ಕೆಡವಿತು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕಂಪನಿ ಒಂದೂವರೆ ತಾಸಿನೊಳಗೆ ಆ ಅಪ್‌ಡೇಟನ್ನು ಹಿಂತೆಗೆದುಕೊಂಡಿತು, ತಪ್ಪು ನಮ್ಮದೆಂದು ಒಪ್ಪಿಕೊಂಡಿತು. ಕಾಯುತ್ತಿದ್ದವರು ವಿಮಾನ ಹತ್ತುವವರಾಗಿದ್ದರು ಎಂಬುದನ್ನೂ ಮರೆಯಬಾರದು.

ಉತಾರದ ತಪ್ಪು ಸದ್ದಿಲ್ಲದೆ ಕೂತಿರುತ್ತದೆ. ಕಾಲಂ 3ರಲ್ಲಿ ಸರ್ವೆ ನಂಬರಿನ ವಿಸ್ತೀರ್ಣ 4 ಎಕರೆ 20 ಗುಂಟೆ ಇದೆ ಎನ್ನಿ. ಕಾಲಂ 9ರಲ್ಲಿ ಅಣ್ಣನಿಗೆ 2-10, ತಮ್ಮನಿಗೂ 2-10 ಇರಬೇಕಾದಲ್ಲಿ ಟೈಪ್ ಮಾಡಿದವನ ಬೆರಳು ತಪ್ಪಿ 2-01 ಆಗಿದೆ. ಹೊಲದಲ್ಲಿ ಬದು ಇದ್ದಲ್ಲೇ ಇದೆ, ಕಾಗದದಲ್ಲಿ 9 ಗುಂಟೆ ಮಾಯ. ವಾಟ್ನಿಗೋ ಖರೀದಿಗೋ ಹೋದ ದಿನ '3 ಮತ್ತು 9 ತಾಳೆ ಆಗವಲ್ದು' ಎಂದು ಕೆಲಸ ನಿಲ್ಲುತ್ತದೆ. ತಂತ್ರಾಂಶ ತಪ್ಪನ್ನು ಹಿಡಿಯಿತು ಎಂದು ಮೆಚ್ಚಬಹುದು. ಆದರೆ ತಾಳೆ ನೋಡುವ ಬುದ್ಧಿಯನ್ನು ಅದು ದಾಖಲೆ ತುಂಬುವ ದಿನವೇ ತೋರಿಸಬೇಕಿತ್ತು. ಈಗ ಹಳೆಯ ಕೈಬರಹದ ನಕಲು ತಂದು ತನ್ನ ಹೊಲ ತನ್ನದೇ ಎಂದು ರುಜುವಾತು ಮಾಡುವ ಹೊರೆ ತಮ್ಮನ ಮೇಲೆ. ಇಂಥವನ್ನು ತಿದ್ದಲು ಸರ್ಕಾರ ಕಂದಾಯ ಅದಾಲತ್‌ಗಳನ್ನೇ ನಡೆಸಬೇಕಾಯಿತು.

ಹೆಸರಿನ ಪಾಡು ಇನ್ನೂ ಕಷ್ಟ. ತುಂಗಭದ್ರೆಯ ದಂಡೆಯ ಸಿಂಗಟಾಲೂರಿನ ದೇವರು ವೀರಭದ್ರೇಶ್ವರ. ಸುತ್ತಲಿನ ಹಳ್ಳಿಗಳಲ್ಲಿ ಅವನ ಹೆಸರು ಹೊತ್ತವರಿಗೆ ಬರವಿಲ್ಲ. ಬಾಯಲ್ಲಿ ಈರಪ್ಪ, ಉತಾರದಲ್ಲಿ ಈರಭದ್ರಪ್ಪ, ಆಧಾರ್‌ನಲ್ಲಿ ವೀರಭದ್ರಪ್ಪ, ಬ್ಯಾಂಕಿನಲ್ಲಿ ಇಂಗ್ಲಿಷಿನ ಇನ್ನೊಂದು ಕಾಗುಣಿತ. ಊರಿಗೆ ಒಬ್ಬನೇ ಮನುಷ್ಯ, ಯಂತ್ರಕ್ಕೆ ಮೂವರು. 2023ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಪರಿಹಾರ ಹೋಗಿದ್ದು ರೈತರ ದತ್ತಾಂಶವಾದ 'ಫ್ರೂಟ್ಸ್' ನೋಂದಣಿಯ ಆಧಾರದ ಮೇಲೆ, ಆಧಾರ್ ಜೋಡಿಸಿದ ಖಾತೆಗೆ. ಅಕ್ಷರ ಕೂಡದವನನ್ನು ರೈತ ಸಂಪರ್ಕ ಕೇಂದ್ರ ನಾಡ ಕಚೇರಿಗೆ ಕಳಿಸುತ್ತದೆ, ಅದು ಬ್ಯಾಂಕಿಗೆ, ಬ್ಯಾಂಕು ಆಧಾರ್ ಕೇಂದ್ರಕ್ಕೆ. ಯಾವ ಅಕ್ಷರ ಕೂಡಲಿಲ್ಲ, ಅದನ್ನು ಯಾರು ತಿದ್ದಬೇಕು ಎಂಬ ಎರಡು ಸಾಲನ್ನು ಕನ್ನಡದಲ್ಲಿ ಅವನ ಮೊಬೈಲಿಗೆ ಕಳಿಸುವುದು ಇಷ್ಟೆಲ್ಲ ಕಟ್ಟಿದವರಿಗೆ ದೊಡ್ಡ ಕೆಲಸವೇನಲ್ಲ. ತಿದ್ದುವ ಜವಾಬ್ದಾರಿ ಆಗ ಒಂದು ಕಚೇರಿಯ ಹೆಸರಿಗೆ ಬೀಳುತ್ತದೆ. ಆ ಸಂದೇಶ ಇನ್ನೂ ಬರದಿರುವುದಕ್ಕೆ ಅದೇ ಕಾರಣವೆಂದು ನನ್ನ ಗುಮಾನಿ.