ಕರುಳಿನ ಒಳಮೈ

ಎಂಡೋಸ್ಕೋಪಿ ಮಾಡುವಾಗ ಸಣ್ಣಕರುಳಿನಿಂದ ಚಿವುಟಿ ತೆಗೆಯುವ ಚೂರು ಅಕ್ಕಿಕಾಳಿಗಿಂತ ಚಿಕ್ಕದು. ಬರಿಗಣ್ಣಿಗೆ ಅದು ನಸುಗೆಂಪು ಮಾಂಸದ ತುಣುಕು, ಅಷ್ಟೇ. ಅದನ್ನು ಗಾಜಿನ ಪುಟ್ಟ ತಟ್ಟೆಯಲ್ಲಿ ಸಲೈನ್ ಹಾಕಿ, ಒಳಮೈ ಮೇಲಾಗುವಂತೆ ಇಟ್ಟು, ಇಪ್ಪತ್ತು ಮೂವತ್ತು ಪಟ್ಟು ದೊಡ್ಡದಾಗಿ ತೋರಿಸುವ ಮೈಕ್ರೋಸ್ಕೋಪಿನಡಿ ನೋಡಬೇಕು. ಆಗ ಮಖಮಲ್ಲಿನ ಎಳೆಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ತಟ್ಟೆ ತುಸು ಅಲುಗಿದರೆ ಸಾಕು, ಎಲ್ಲವೂ ಒಟ್ಟಿಗೆ ಬಳುಕುತ್ತವೆ. ಎತ್ತರ ಅರ್ಧ ಮಿಲಿಮೀಟರ್, ಹೆಚ್ಚೆಂದರೆ ಒಂದು. ಒಳಗೆ ಹರಡಿದ ರಕ್ತನಾಳಗಳ ಕೆಂಪು ಹೊರಗೂ ಇಣುಕುತ್ತದೆ. ಇವೇ ವಿಲ್ಲೈ (ಒಂದೇ ಆದರೆ ವಿಲ್ಲಸ್). ನಾವು ಉಂಡದ್ದು ನಮ್ಮದಾಗುವುದು ಇಲ್ಲಿ; ಅಲ್ಲಿಯವರೆಗೆ ಅದು ಹೊಟ್ಟೆಯೊಳಗಿದ್ದರೂ ಹೊರಗಿನದೇ.

ಈ ಒಳಮೈಯನ್ನು ಹೊಗಳುವವರೆಲ್ಲ ಮೊದಲು ಅದರ ವಿಸ್ತಾರದ ಮಾತೆತ್ತುತ್ತಾರೆ. ಹರಡಿದರೆ ಒಂದು ಟೆನಿಸ್ ಅಂಕಣದಷ್ಟು ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿಕೊಂಡು ಬಂದವು. 2014ರಲ್ಲಿ ಸ್ವೀಡನ್ನಿನ ಹೆಲಾಂಡರ್ ಮತ್ತು ಫಾಂಡ್ರಿಕ್ಸ್ ಹೊಸದಾಗಿ ಅಳೆದು ನೋಡಿದಾಗ ಸಣ್ಣಕರುಳಿನ ಪಾಲಿಗೆ ಸಿಕ್ಕಿದ್ದು ಸುಮಾರು 30 ಚದರ ಮೀಟರ್, ಅಂದರೆ ಬ್ಯಾಡ್ಮಿಂಟನ್ ಅಂಕಣದ ಅರ್ಧಕ್ಕೂ ತುಸು ಕಡಿಮೆ. ನನಗಂತೂ ಇದರಿಂದ ಬೇಸರವಾಗಲಿಲ್ಲ. ಜಾಗ ದೊಡ್ಡದಿದ್ದರೆ ಅದರಲ್ಲೇನು ಸೊಗಸು? ಸೊಗಸಿರುವುದು ಎಲ್ಲಿ ಯಾವುದನ್ನು ಇಟ್ಟಿದೆ ಎಂಬುದರಲ್ಲಿ.

ಒಂದು ವಿಲ್ಲಸ್ಸನ್ನೇ ನೋಡಿ. ಮೇಲ್ಮೈಗೆ ಒಂದೇ ಸಾಲು ಕೋಶಗಳು. ರಕ್ತಕ್ಕೂ ಹೊರಜಗತ್ತಿಗೂ ನಡುವೆ ಇರುವುದು ಹೆಚ್ಚುಕಡಿಮೆ ಇಷ್ಟೇ. ಒಳಗೆ ಲೋಮನಾಳಗಳ ಜಾಲ, ನಟ್ಟನಡುವೆ ತುದಿ ಮುಚ್ಚಿದ ಒಂದು ಹಾಲ್ನಾಳ. ಸಕ್ಕರೆ, ಅಮೈನೋ ಆಮ್ಲಗಳು ರಕ್ತ ಸೇರಿ ನೇರ ಯಕೃತ್ತಿಗೆ ಹೋಗುತ್ತವೆ. ಕೊಬ್ಬು ಮಾತ್ರ ಹಾಲ್ನಾಳ ಹಿಡಿದು, ಯಕೃತ್ತಿಗೆ ಹೋಗದೆ, ಎದೆಯ ಮೂಲಕ ಮೇಲೇರಿ, ಕತ್ತಿನ ಎಡಬುಡದಲ್ಲಿ ರಕ್ತಕ್ಕೆ ಸೇರುತ್ತದೆ. ಹಾಲ್ನಾಳಗಳನ್ನು ಕಂಡವನು ಮಿಲಾನಿನ ಗಾಸ್ಪಾರೆ ಅಸೆಲ್ಲಿ, 1622ರಲ್ಲಿ. ಆಗಷ್ಟೇ ಹೊಟ್ಟೆತುಂಬ ತಿಂದಿದ್ದ ನಾಯಿಯ ಹೊಟ್ಟೆ ಸೀಳಿದಾಗ ಕರುಳ ಪೊರೆಯ ಮೇಲೆ ಬಿಳಿಯ ಎಳೆಗಳು ಕಂಡವು. ನರಗಳಿರಬೇಕೆಂದು ಒಂದನ್ನು ಕತ್ತರಿಸಿದ. ಹಾಲಿನಂಥ ದ್ರವ ಒಸರಿತು. ಉಪವಾಸವಿದ್ದ ನಾಯಿಯಲ್ಲಿ ಹುಡುಕಿದರೆ ಆ ಎಳೆಗಳೇ ಇಲ್ಲ! ಅವನು ತೀರಿಕೊಂಡ ಮೇಲೆ, 1627ರಲ್ಲಿ, ಹೊರಬಂದ ಅವನ ಪುಸ್ತಕದಲ್ಲಿ ಈ ನಾಳಗಳನ್ನು ಬಣ್ಣದಲ್ಲೇ ಅಚ್ಚುಹಾಕಿದ್ದಾರೆ.

ಇನ್ನೂ ಹತ್ತಿರ ಹೋದರೆ ಪ್ರತಿ ಕೋಶದ ನೆತ್ತಿಯ ಮೇಲೂ ಸಾವಿರಾರು ಸೂಕ್ಷ್ಮ ವಿಲ್ಲೈ, ಒಂದೊಂದೂ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಎತ್ತರ. ನಾನು ತಲೆದೂಗುವುದು ಇಲ್ಲಿ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್, ಕಬ್ಬಿನ ಸಕ್ಕರೆಯನ್ನು ಒಡೆಯುವ ಸುಕ್ರೇಸ್ ಕಿಣ್ವಗಳು ಕರುಳಿನ ರಸದಲ್ಲಿ ಎಲ್ಲೆಂದರಲ್ಲಿ ಅಲೆಯುತ್ತಿಲ್ಲ. ಈ ಸೂಕ್ಷ್ಮ ವಿಲ್ಲೈಗಳ ಪೊರೆಯಲ್ಲೇ ನಾಟಿಕೊಂಡಿವೆ. ಕಡೆಯ ತುಂಡರಿಕೆ ನಡೆಯುವುದೂ ಅಲ್ಲೇ, ತುಂಡನ್ನು ಒಳಗೆಳೆದುಕೊಳ್ಳುವ ಪ್ರೋಟೀನು ಇರುವುದೂ ಪಕ್ಕದಲ್ಲೇ. ಗ್ಲೂಕೋಸ್ ಒಡೆದು ಬಿದ್ದಲ್ಲೇ ಒಳಗೆ ಹೋಗುತ್ತದೆ.

ಕೋಶಗಳು ಹುಟ್ಟುವುದು ವಿಲ್ಲೈಗಳ ಬುಡದ ಕುಳಿಗಳಲ್ಲಿ. 1745ರಲ್ಲಿ ಇವನ್ನು ವಿವರಿಸಿದ ಲೀಬರ್‌ಕ್ಯೂನ್ ಹೆಸರು ಅವಕ್ಕಿದೆ. ಅಲ್ಲಿಂದ ಏರುತ್ತ, ಏರುತ್ತಲೇ ಕೆಲಸ ಕಲಿಯುತ್ತ, ಮೂರರಿಂದ ಐದು ದಿನಗಳಲ್ಲಿ ತುದಿ ಮುಟ್ಟಿ ಉದುರಿಹೋಗುತ್ತವೆ. ಲ್ಯಾಕ್ಟೇಸ್ ಚೆನ್ನಾಗಿ ಬೆಳೆಯುವುದು ಮೇಲೇರಿದ, ಬಲಿತ ಕೋಶಗಳಲ್ಲಿ. ಜೋರು ಭೇದಿಯಲ್ಲಿ ಮೊದಲು ಕಳಚುವುದೂ ಅವೇ. ಮಗುವಿಗೆ ಭೇದಿ ನಿಂತ ಮೇಲೂ ಒಮ್ಮೊಮ್ಮೆ ಕೆಲವು ದಿನ ಹಾಲು ಆಗಿಬರದಿರುವುದು ಇದಕ್ಕೇ. ಅದು ಹಾಲಿನ ದೋಷವಲ್ಲ.

ಕಾಲರಾದ ಕತೆ ಬೇರೆ. ಅಲ್ಲಿ ನೀರು ಲೀಟರುಗಟ್ಟಲೆ ಹರಿದುಹೋದರೂ ವಿಲ್ಲೈಗಳ ರಚನೆ ಬಹುಮಟ್ಟಿಗೆ ಹಾಗೇ ಉಳಿದಿರುತ್ತದೆ. ಸೋಡಿಯಮ್ಮನ್ನೂ ಗ್ಲೂಕೋಸನ್ನೂ ಜೊತೆಗೂಡಿಸಿ ಒಳಗೆಳೆಯುವ ಪ್ರೋಟೀನು ಆಗಲೂ ದುಡಿಯುತ್ತಿರುತ್ತದೆ. ಅವೆರಡು ಹೋದ ದಾರಿಯಲ್ಲೇ ನೀರೂ ಹೋಗುತ್ತದೆ. ಈ ಜೋಡಿಯನ್ನು ರಾಬರ್ಟ್ ಕ್ರೇನ್ ಪ್ರಾಗ್ ನಗರದಲ್ಲಿ ಮಂಡಿಸಿದ್ದು 1960ರಲ್ಲಿ. 1971ರಲ್ಲಿ, ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವಿನಲ್ಲಿ ತುಂಬಿ ತುಳುಕುತ್ತಿದ್ದಾಗ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂತು. ಡಾ. ದಿಲೀಪ್ ಮಹಲನಬೀಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸಾವುಗಳು ಇಳಿದವು. ಈಗಿನ ಓಆರ್‌ಎಸ್ ಪೊಟ್ಟಣದಲ್ಲಿ ಸೋಡಿಯಂ ಮತ್ತು ಗ್ಲೂಕೋಸಿನ ಕಣಗಳ ಸಂಖ್ಯೆ ಸರಿಸಮ. ಮಹಲನಬೀಸರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮರುವರ್ಷ. ಸರ್ಕಾರಕ್ಕೆ ಅಷ್ಟು ನಿಧಾನ ಬೇಕಿರಲಿಲ್ಲ.

ಔಷಧಿಗೆ ಪ್ರತ್ಯೇಕ ದಾರಿಯೇನೂ ಇಲ್ಲ. ಕೊಬ್ಬಿನಲ್ಲಿ ಕರಗುವಂಥದು ಕೋಶದ ಪೊರೆಯನ್ನೇ ದಾಟುತ್ತದೆ. ಕೆಲವು ಆಹಾರದ ವೇಷ ಹಾಕಿಕೊಂಡು ನುಸುಳುತ್ತವೆ. ಪಾರ್ಕಿನ್ಸನ್ ರೋಗಕ್ಕೆ ಕೊಡುವ ಲೆವೊಡೋಪಾ ಅಮೈನೋ ಆಮ್ಲಗಳ ದಾರಿಯಲ್ಲಿ ಹೋಗುವುದರಿಂದ ಬೇಳೆ, ಮೊಟ್ಟೆ, ಮಾಂಸದ ಊಟದ ಜೊತೆ ನುಂಗಿದರೆ ಅದಕ್ಕೆ ಜಾಗ ಸಾಲದು; ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಿ ಎಂದು ವೈದ್ಯರು ಹೇಳುವುದು ಸುಮ್ಮನಲ್ಲ. ಒಳಗೆ ಬಂದದ್ದೆಲ್ಲ ಉಳಿಯುತ್ತದೆ ಎಂದೂ ಇಲ್ಲ. ಅದೇ ಕೋಶದಲ್ಲಿ ಅಪರಿಚಿತ ಅಣುವನ್ನು ಮತ್ತೆ ಹೊರಕ್ಕೆ ತಳ್ಳುವ ಪಂಪು ಒಂದಿದೆ, ಅದನ್ನು ಒಡೆದುಹಾಕುವ ಕಿಣ್ವವೂ ಇದೆ. ರಕ್ತದೊತ್ತಡದ ಫೆಲೋಡಿಪಿನ್ ಮಾತ್ರೆಯನ್ನು ಮದ್ಯದ ಜೊತೆ ಕೊಟ್ಟು ಪರೀಕ್ಷಿಸುತ್ತಿದ್ದ ಕೆನಡಾದ ಡೇವಿಡ್ ಬೇಲಿ ಮದ್ಯದ ರುಚಿ ಮರೆಸಲು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧಿ ಎಣಿಕೆ ಮೀರಿ ಏರಿತು. ಹಣ್ಣಿನ ರಸ ಕರುಳಿನ ಆ ಕಿಣ್ವವನ್ನೇ ಕೆಡಿಸಿತ್ತು. ಗ್ರೇಪ್‌ಫ್ರೂಟಿನ ಹೆತ್ತವರಲ್ಲಿ ಒಂದು ನಮ್ಮ ಚಕ್ಕೋತ. ಆ ಗುಣದ ರಾಸಾಯನಿಕಗಳು ಅದರಲ್ಲೂ ಇವೆ. ದೇವನಹಳ್ಳಿ ಚಕ್ಕೋತದ ತೊಳೆ ಬಿಡಿಸುವ ಮುಂಚೆ, ದಿನವೂ ಮಾತ್ರೆ ನುಂಗುವವರು ವೈದ್ಯರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಪುಸ್ತಕಗಳಲ್ಲಿ ವಿಲ್ಲೈಯನ್ನು ನೀಳ ಬೆರಳಿನ ಹಾಗೆ ಬರೆಯುತ್ತಾರೆ. ಅದು ಯೂರೋಪು, ಅಮೆರಿಕದವರ ಕರುಳು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಬೇಕರ್, ಮಥನ್ ಮೊದಲಾದವರು 1960ರ ದಶಕದಲ್ಲಿ ಆರೋಗ್ಯವಾಗಿದ್ದ ದಕ್ಷಿಣ ಭಾರತೀಯರ ಕರುಳನ್ನು ನೋಡಿದಾಗ ಬೆರಳುಗಳು ಅಪರೂಪ. ಅಗಲ ಎಲೆಗಳೂ ದಿಣ್ಣೆಗಳೂ ಹೆಚ್ಚು. ಚಿಕ್ಕಂದಿನಿಂದ ಕೊಳಕು ನೀರು, ಸೋಂಕುಗಳ ಜೊತೆ ಹೆಣಗಿದ ಒಳಮೈ ಕುಳ್ಳಾಗಿ, ಅಗಲವಾಗಿ ಬೆಳೆದಿರುತ್ತದೆ. ಯಾವ ಕಾಯಿಲೆಯೂ ಇಲ್ಲದ ಅಂಥವರಲ್ಲೂ ಕೆಲವರು ಸಕ್ಕರೆ ಹೀರುವ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಶುದ್ಧ ನೀರು ಕೊಡದೆ ಬರಿ ಪೌಷ್ಟಿಕ ಪುಡಿ ಹಂಚುವ ಯೋಜನೆಗಳ ಬಗ್ಗೆ ನನ್ನ ಗುಮಾನಿ ಹುಟ್ಟುವುದು ಇಲ್ಲಿಂದ.

ಸೀಲಿಯಾಕ್ ರೋಗದಲ್ಲಿ ಗೋಧಿಯ ಗ್ಲೂಟೆನ್ನಿನಿಂದಾಗಿ ವಿಲ್ಲೈ ಸವೆಯುತ್ತದೆ, ಹೆಚ್ಚಾದರೆ ಪೂರ್ತಿ ಸವೆದು ನೆಲ ಮಟ್ಟಸವಾಗುತ್ತದೆ. ಕಬ್ಬಿಣ ಹೀರುವುದು ಕರುಳಿನ ಮೊದಲ ಗೇಣಿನಲ್ಲಿ. ಏಟು ಬೀಳುವುದೂ ಮೊದಲು ಅಲ್ಲಿಗೇ. ಹಾಗಾಗಿ ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರದೆ, ಕಾರಣ ಹುಡುಕುತ್ತ ಹೋದಾಗ ಈ ರೋಗ ಪತ್ತೆಯಾಗುವುದುಂಟು. ಅಂಥವರು ಥೈರಾಯ್ಡ್ ಮಾತ್ರೆ ನುಂಗುವವರಾದರೆ ಅದೂ ಹೆಚ್ಚು ಬೇಕಾಗಬಹುದು.

ಥೈರಾಯ್ಡ್ ಮಾತ್ರೆಯ ಮಾತು ಬಂತಲ್ಲ, ಕರುಳು ನೆಟ್ಟಗಿರುವವರಿಗೂ ಒಂದು ಮಾತು: ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ. ಫಿಲ್ಟರ್ ಕಾಫಿ ಎಷ್ಟೇ ಘಮಘಮಿಸಿದರೂ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ತಡೆಯಿರಿ. ಕಾಫಿ ಅದರ ಹೀರುವಿಕೆಯನ್ನು ತಗ್ಗಿಸುತ್ತದೆ.