ಗುಂಡ್ಮಿಯ ಗಾನಸಿರಿ

ಯಕ್ಷಗಾನದ ಪ್ರಸಂಗಕರ್ತನು ಪದ್ಯಕ್ಕೆ ವಿಧಿಸಿದ ತಾಳ-ಬಂಧಗಳನ್ನು ಮೀರದೆ, ಮದ್ದಳೆ-ಚಂಡೆಗಳ ನಾದಕ್ಕೆ ಕಿವಿಗೊಟ್ಟು, ಎದುರಿಗೆ ಕುಣಿಯುವ ವೇಷಧಾರಿಯ ಹೆಜ್ಜೆಯನ್ನರಿತು, ಆ ಕ್ಷಣದಲ್ಲಿಯೇ ರಾಗವನ್ನು ವಿಸ್ತರಿಸುವ ಭಾಗವತನ ಕೌಶಲವು, ಅಮೆರಿಕದ ಜಾಝ್ ವಾದಕರ ಆಶುಪ್ರತಿಭೆಗೆ ಯಾವ ವಿಧದಲ್ಲಿಯೂ ಕಡಮೆಯಾದುದಲ್ಲ. ಸ್ಯಾಕ್ಸೋಫೋನಿನ ಚಾರ್ಲಿ ಪಾರ್ಕರನು 34ರ ಪ್ರಾಯದಲ್ಲಿ, 1955ರಲ್ಲಿ ಕಾಲವಶನಾದನಷ್ಟೆ. ಸಾಸ್ತಾನದ ಮಗ್ಗುಲಿನ ಗುಂಡ್ಮಿಯಲ್ಲಿ ಜನಿಸಿದ ಭಾಗವತ ಕಾಳಿಂಗ ನಾವಡರು ಅಷ್ಟು ಆಯುಷ್ಯವನ್ನೂ ಕಾಣದೆ, 1990ರಲ್ಲಿ ರಸ್ತೆಯ ಅಪಘಾತಕ್ಕೆ ತುತ್ತಾದರು.

ಭಾಗವತ ನಾರಣಪ್ಪ ಉಪ್ಪೂರರ ಶಿಷ್ಯರಾಗಿ ಬಡಗುತಿಟ್ಟಿನ ಸಂಪ್ರದಾಯವನ್ನು ಕರಗತ ಮಾಡಿಕೊಂಡ ನಾವಡರು, ಸಾಲಿಗ್ರಾಮ ಮೇಳದ ರಂಗಸ್ಥಳದಲ್ಲಿ ಆ ಅಡಿಪಾಯದ ಮೇಲೆಯೇ ಹೊಸ ರಾಗಗಳ ಸೌಧವನ್ನೆಬ್ಬಿಸಿದರು. ‘ನಾಗಶ್ರೀ’ ಪ್ರಸಂಗವನ್ನು ರಚಿಸಿದವರೂ ಅವರೇ. ತಾರಸ್ಥಾಯಿಯಲ್ಲಿಯೂ ಮಾಧುರ್ಯವನ್ನು ಬಿಡದ ಆ ಶಾರೀರ, ಶೃಂಗಾರದಿಂದ ಕರುಣಕ್ಕೆ ಅನಾಯಾಸವಾಗಿ ಇಳಿಯುವ ಆ ಭಾವಪರಿಣತಿ, ಇವುಗಳಿಂದಲೇ ರಸಿಕರು ಅವರನ್ನು ‘ರಸರಾಗ ಚಕ್ರವರ್ತಿ’ಯೆಂದು ಕರೆದರು.

ನಾವಡರ ಹಾಡುಗಳ ಧ್ವನಿಸುರುಳಿಯಲ್ಲಿ ದೀಪವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಆದರೂ ಚರಣದ ಕೊನೆಯಲ್ಲಿ ಅವರು ತಡೆದು ನಿಲ್ಲಿಸುವ ಸ್ವರವನ್ನು ಕೇಳಿದೊಡನೆ, ವೇಷಧಾರಿಯು ಎಲ್ಲಿ ತಿರುಗಿದನು, ಎಲ್ಲಿ ನಿಂತನು ಎಂಬುದು ಶ್ರೋತೃವಿಗೆ ಗೋಚರವಾಗುತ್ತದೆ. ಅವರನ್ನು ರಂಗದಲ್ಲಿ ಎಂದೂ ಕಾಣದ ತರುಣ ಭಾಗವತರೂ ಅವರ ಶೈಲಿಯನ್ನು ಅನುಸರಿಸುತ್ತಿರುವುದಕ್ಕೆ ಈ ಧ್ವನಿಮುದ್ರಿಕೆಗಳೇ ಮುಖ್ಯ ಕಾರಣ. ಅಲ್ಪಾಯುಷಿಯಾದ ಕಲಾವಿದನೊಬ್ಬನಿಗೆ ಇದಕ್ಕಿಂತ ದೀರ್ಘವಾದ ಗುರುತ್ವವು ಲಭಿಸುವುದು ದುರ್ಲಭ.